ಪೂಜೆಯ ಕಲ್ಲಿನ ಕೆಳಗಿನ ಬಾವಿ

ನಾನು ಕಲಿತದ್ದು ಮೂರನೆಯ ಇಯತ್ತೆ. ಮಗಳ ಮಗಳು ಎಂಜಿನಿಯರ್. ಗಡಿಯಾಚೆ ಮರಾಠಿ ಸೀಮೆಯ ಒಂದು ಹಳೆಯ ಪಟ್ಟಣದಲ್ಲಿ ನೆಲದಡಿಯ ಮೆಟ್ರೋ ನಿಲ್ದಾಣಕ್ಕೆ ನಕ್ಷೆ ಮಾಡುವವರಲ್ಲಿ ಅವಳೂ ಒಬ್ಬಳು. ರಜೆಗೆಂದು ನಮ್ಮೂರು ಮೋರಟಗಿಗೆ ಬಂದವಳು ಲ್ಯಾಪ್‌ಟಾಪ್ ನೋಡುತ್ತಲೇ ರೊಟ್ಟಿ ಮುರಿಯುತ್ತಿದ್ದಳು.

"ತಾಟಿನಾಗ ಕಣ್ಣ ಇಡು, ಇಲ್ಲಂದ್ರ ಎದ್ದು ಹೋಗು," ಎಂದೆ.

"ಹನ್ನೆರಡಕ್ಕ ಮಷೀನ್ ಇಳೀತೈತಿ ಆಯಿ. ಈ ಒಂದು ಮನಿದು ನನಗ ಭರವಸಾ ಇಲ್ಲ."

ಅವಳು ಬಿಡಿಸಿ ಹೇಳಿದಳು. ನಿಲ್ದಾಣ ಅಗೆಯುವ ಮೊದಲು ನೆಲದೊಳಗೆ ಗೋಡೆ ಇಳಿಸಬೇಕು. ಅದಕ್ಕೆ ಆ ಮಷೀನಿನಿಂದ ಆಳದ ಕಂದಕ ತೋಡಿ, ಅಂಚು ಕುಸಿಯದಂತೆ ಕೆಸರುನೀರು ತುಂಬಿ ನಿಲ್ಲಿಸುತ್ತಾರೆ. ಹತ್ತಿರದಲ್ಲಿ ಪೊಳ್ಳಿದ್ದರೆ ಕೆಸರು ಆ ಕಡೆ ನುಗ್ಗುತ್ತದೆ, ಕಂದಕ ಕುಸಿಯುತ್ತದೆ, ಪಕ್ಕದ ಮನೆಯೂ ಹೋಗುತ್ತದೆ. ಪಕ್ಕದಲ್ಲಿದ್ದದ್ದು ಹಳೆಯ ವಾಡೆ, ಅಂಗಳದ ಸುತ್ತ ಕಟ್ಟಿದ ದೊಡ್ಡ ಮನೆ. ಒಳಗೆ ಹನ್ನೊಂದು ಜನ.

"ಬಾವಿ ಐತೇನು ಅಂತ ಕೇಳೀರಿಲ್ಲೋ?"

"ಮೂರು ಸಲ. ಇಲ್ಲ ಅಂತ ಸಹಿ ಮಾಡಿ ಕೊಟ್ಟಾರ. ನೆಲಾ ನೋಡೋ ಯಂತ್ರಾನೂ ಓಡಿಸೇವಿ. ಒಂದು ಕಲ್ಲು ಮಾತ್ರ ದೇವರದು, ಮುಟ್ಟಬ್ಯಾಡ್ರಿ ಅಂದ್ರು, ಅದರ ಮ್ಯಾಲ ಓಡಿಸಿಲ್ಲ."

ಫೋಟೊ ತೋರಿಸಿದಳು. ಅಂಗಳದಲ್ಲಿ ಒಂದು ಚಪ್ಪಡಿ, ಅದರ ಮೇಲೆ ಅರಿಷಿಣ, ಕುಂಕುಮ. ಲಿಂಗವಿಲ್ಲ, ಮೂರ್ತಿಯಿಲ್ಲ, ತುಳಸಿಯೂ ಇಲ್ಲ.

ನಮ್ಮ ಅತ್ತೆಯ ಮನೆಯಲ್ಲೂ ಇಂಥದೇ ಕಲ್ಲಿತ್ತು. ಯಾರಾದರೂ ಬಿದ್ದು ಸತ್ತ ಬಾವಿಯ ಬಾಯಿ ಮುಚ್ಚಿ, ಅಮಾವಾಸ್ಯೆಗೊಮ್ಮೆ ಪೂಜೆ ಮಾಡುತ್ತಾರೆ. ಆಮೇಲೆ ಮನೆಯವರು ಅದನ್ನು ಬಾವಿ ಎನ್ನಬಾರದು. ಹಾಗೆ ಅಂದರೆ ಅದು ಇನ್ನೊಬ್ಬರನ್ನು ಕರೆಯುತ್ತದಂತೆ. ಬೋರ್ ಹಾಕುವವನು ಇಲ್ಲಿ ಹಳೆಯ ಬಾವಿ ಇದೆಯೇ ಎಂದು ಕೇಳಿದಾಗ ನಾನೇ ಅವನ ಮುಖ ನೋಡಿ ಇಲ್ಲ ಎಂದಿದ್ದೆ.

"ಅದು ಬಾವಿ. ಮಷೀನ್ ನಿಲ್ಲಸು."

"ಸಾಹೇಬರಿಗೆ ಏನಂತ ಹೇಳ್ಲಿ? ನಮ್ಮ ಆಯಿಗಿ ಫೋಟೊದಾಗ ಬಾವಿ ಕಾಣ್ತು ಅಂತನಾ? ನಗ್ತಾರ."

"ನಗಲಿ, ಹಲ್ಲು ಅವರವು. ಆ ಮನಿ ಹೆಣ್ಣಮಗಳಿಗೆ ಫೋನ್ ಹಚ್ಚು."

ಹನ್ನೊಂದೂವರೆ ಆಗಿತ್ತು. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲಕ್ಕೆ ಆ ಮನೆಯ ಸೊಸೆ ಸಿಕ್ಕಳು. ನನ್ನ ತವರು ಗಡಿಯ ಚಡಚಣ, ಮರಾಠಿ ಬರುತ್ತದೆ; ಅದರಲ್ಲೇ ಮಾತಾಡಿಸಿದೆ. ಬಾವಿಯ ಮಾತೇ ಎತ್ತಲಿಲ್ಲ.

"ಅಮಾಸಿಗಿ ಆ ಕಲ್ಲಿಗೆ ಪೂಜಿ ಮಾಡ್ತೀಯಲ್ಲವಾ, ಯಾರ ಸಲುವಾಗಿ?"

ಆ ಕಡೆ ಪಾತ್ರೆ ತೊಳೆಯುವ ಸದ್ದು ನಿಂತಿತು.

"ನಮ್ಮತ್ತಿ ತಂಗಿ ಹೋದಳ್ರಿ ಅದರಾಗ," ಎಂದಳು. "ನಾ ಹೇಳೀನಿ ಅಂತ ಮನ್ಯಾಗ ಗೊತ್ತಾಗಬಾರ್ದು."

ಮೊಮ್ಮಗಳು ಫೋನ್ ಕಸಿದುಕೊಂಡು ಬಾಗಿಲಿಗೆ ಹೋಗಿ ಸಾಹೇಬರಿಗೆ ಹಚ್ಚಿದಳು. ಅವರ ಬೈಗುಳ ನನಗೂ ಕೇಳಿಸುತ್ತಿತ್ತು. "ಹೌದ್ರಿ. ಜವಾಬ್ದಾರಿ ನಂದರಿ. ನಿಲ್ಲಸ್ರಿ," ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ, ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಸಂಜೆ ಅಲ್ಲಿಯವರೇ ಫೋನ್ ಮಾಡಿದರು. ಕಲ್ಲು ಎತ್ತಿಸಿದ್ದರು. ಬಾವಿಗೆ ಅರ್ಧ ಮಾತ್ರ ಮಣ್ಣು ತುಂಬಿದ್ದರು, ಅದರ ಮೇಲೆ ನೀರಿತ್ತು, ಮಿಕ್ಕದ್ದು ಪೊಳ್ಳು. ಅದರ ಅಂಚಿನಿಂದ ಕಂದಕದ ಗೆರೆಗೆ ಎರಡು ಮಾರೂ ಇರಲಿಲ್ಲ. ಮನೆಯವರನ್ನು ಬೇರೆಡೆ ಕಳಿಸಿ, ಬಾವಿಗೆ ಕಾಂಕ್ರೀಟ್ ತುಂಬಿ, ಗಟ್ಟಿಯಾದ ಮೇಲೆಯೇ ಯಂತ್ರ ಇಳಿಸಿದರು.

ಹೇಳಿದ್ದು ಯಾರೆಂದು ಆ ಮನೆಯಲ್ಲಿ ಗೊತ್ತಾಯಿತು. ಸೊಸೆಯೊಂದಿಗೆ ಎಲ್ಲರೂ ಮಾತು ಬಿಟ್ಟಿದ್ದಾರಂತೆ. ಬಿಡಲಿ. ಮಾತು ಬಿಡುವುದಕ್ಕೆ ಹತ್ತು ಜನರೂ ಬದುಕಿದ್ದಾರೆ.