ಕೋಗಿಲು ರಸ್ತೆಯಲ್ಲಿ ಸಿಕ್ಕವರು

ಯಾರಾದರೂ ಇಂಥ ಕಥೆ ಹೇಳತೊಡಗಿದರೆ ನಾನು ನಡುವೆಯೇ ಎದ್ದು ಕಾಫಿಗೆ ಹೋಗುತ್ತಿದ್ದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು ನಾನು. ಕಣ್ಣು ಮೋಸ ಮಾಡುತ್ತದೆ, ಕಿವಿಯೂ ಮಾಡುತ್ತದೆ ಎಂದು ನಂಬಿದವನು. ಈಗಲೂ ಹಾಗೆಯೇ ನಂಬಿದ್ದೇನೆ. ಆದರೂ ಆ ಭಾನುವಾರ ಬೆಳಗ್ಗೆ ನಡೆದದ್ದು ಇವತ್ತಿಗೂ ನನ್ನ ಬುದ್ಧಿಗೆ ಎಟುಕಿಲ್ಲ.

ನಮ್ಮ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ರೇಣುಕಾ ಗದಗಿನ ಕಡೆಯವರು. ಅವರ ಗಂಡ ಮಲ್ಲಣ್ಣ ಅಬ್ಬಿಗೆರೆಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರ ನಡೆಸುತ್ತಿದ್ದರು. ಒಂದು ದಿನ ಕೆಲಸಕ್ಕೆಂದು ಹೊರಟವರು ವರ್ಕ್‌ಶಾಪಿಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ವರ್ಷ ಕಳೆದ ಮೇಲೆ, ಆ ಮನೆಗೆ ಹಣ ಕೂಡಿಸಲೆಂದು ನಾವೊಂದಿಷ್ಟು ಜನ ಗಂಗಾನಗರದಿಂದ ಯಲಹಂಕಕ್ಕೆ ಸೈಕಲ್ಲಿನಲ್ಲಿ ಹೊರಟೆವು. ಎಲ್ಲರ ಟೀ ಶರ್ಟಿನ ಮೇಲೂ ಮಲ್ಲಣ್ಣನವರ ಫೋಟೊ.

ಕೋಗಿಲಿನ ಹತ್ತಿರ ನನ್ನ ಸೈಕಲ್ಲಿನ ಚೈನ್ ಕಳಚಿತು. ಉಳಿದವರು ಮುಂದೆ ಹೋದರು. ದಟ್ಟ ಮಂಜು. ಕುಕ್ಕರಗಾಲಿನಲ್ಲಿ ಕೂತು ಚೈನ್ ಹಾಕುತ್ತಿದ್ದಾಗ ಬೆನ್ನ ಹಿಂದೆ ಯಾರೋ ನಿಂತಂತಾಯಿತು. ತಿರುಗಿದರೆ ಬಿಳಿ ಅಂಗಿಯ ಮುದುಕರೊಬ್ಬರು. ಮಲ್ಲಣ್ಣ ಅಲ್ಲ, ಹೋಲಿಕೆಯೂ ಇರಲಿಲ್ಲ. ನನ್ನ ಎದೆಯ ಮೇಲಿನ ಫೋಟೊವನ್ನೇ ನೋಡುತ್ತಿದ್ದರು.

"ಇದು ಯಾರ ಸಲುವಾಗಿ?" ಎಂದರು. ಮಲ್ಲಣ್ಣನವರ ಹೆಂಡತಿ ಮಕ್ಕಳ ಸಲುವಾಗಿ ಎಂದು ಹೇಳಿದೆ.

"ಅಕಿಗೆ ಹೇಳ್ರಿ, ರಾತ್ರಿ ಚಿಲಕಾ ಹಾಕ್ಕೊಂಡು ಮಲಗು ಅಂತ."

ಅವನು ಬರುವುದಿಲ್ಲ ಎಂಬರ್ಥದ ಒಂದು ಮಾತನ್ನೂ ಸೇರಿಸಿ ನಡೆದುಬಿಟ್ಟರು. ಸೈಕಲ್ ಅಲ್ಲೇ ಬಿಟ್ಟು ಹಿಂದೆ ಓಡಿದೆ. ಒಂದು ಕಡೆ ಉದ್ದಕ್ಕೂ ಕಾಂಪೌಂಡು, ಇನ್ನೊಂದು ಕಡೆ ಬೋಳು ಸೈಟುಗಳು. ಯಾರೂ ಇಲ್ಲ. ಕೈಗೆ ಹತ್ತಿದ್ದ ಗ್ರೀಸು ಒರೆಸಿಕೊಳ್ಳುತ್ತ ಸೈಕಲ್ಲಿನ ಬಳಿಗೆ ವಾಪಸಾದೆ. ಎದುರಿನ ಟೀ ಅಂಗಡಿಯವನನ್ನು ವಿಚಾರಿಸಿದೆ.

"ನೀವ್ ಒಬ್ರೇ ಮಾತಾಡ್ತಿದ್ರಲ್ಲ ಸರ್. ಫೋನ್‌ನಲ್ಲಿ ಇದೀರ ಅಂದ್ಕೊಂಡೆ," ಎಂದ.

ಯಲಹಂಕದಲ್ಲಿ ರೇಣುಕಾ ಮಕ್ಕಳೊಂದಿಗೆ ಕಾಯುತ್ತಿದ್ದರು. ಹೇಳಬಾರದೆಂದೇ ಇದ್ದೆ. ಆದರೆ ಅವರು ನನ್ನ ಮುಖ ನೋಡಿ, "ಏನಾತ್ರಿ ಸರ್?" ಎಂದು ಕೇಳಿದಾಗ ತಡೆಯಲಾಗಲಿಲ್ಲ. ಮಕ್ಕಳನ್ನು ಆಚೆ ಕಳಿಸಿ ಎಲ್ಲ ಹೇಳಿದೆ.

ಅವರು ಮಕ್ಕಳು ಹೋದ ಕಡೆ ನೋಡಿ ದನಿ ತಗ್ಗಿಸಿದರು. "ಮಕ್ಕಳು ಮಲಗಿದ ಮ್ಯಾಲೆ ಚಿಲಕಾ ತಗದಿಡ್ತೀನ್ರಿ. ರಾತ್ರಿ ಬಂದ್ರ ಹೊರಗ ನಿಲ್ಲಬಾರದಲ್ಲ. ಇದನ್ನ ನಾ ಯಾರ ಮುಂದೂ ಹೇಳಿಲ್ಲ," ಎಂದರು. ಆಮೇಲೆ ನನ್ನ ತೋಳು ಗಟ್ಟಿಯಾಗಿ ಹಿಡಿದು, "ಅವ್ರು ಏನಂದ್ರು, ಸರಿಯಾಗಿ ಹೇಳ್ರಿ. ಬರೂದಿಲ್ಲ ಅಂದ್ರೋ, ಬರಾಕ ಆಗೂದಿಲ್ಲ ಅಂದ್ರೋ?" ಎಂದು ಕೇಳಿದರು.

ಎರಡು ಮಾತನ್ನೂ ಮನಸ್ಸಿನಲ್ಲೇ ಹೇಳಿಕೊಂಡು ನೋಡಿದೆ. ಎರಡೂ ಆ ಮುದುಕರ ದನಿಯಲ್ಲೇ ಕೇಳಿಸುತ್ತಿದ್ದವು.

ಪೊಲೀಸರಿಗೂ ತಿಳಿಸಿದೆವು. ರಸ್ತೆಯ ಕ್ಯಾಮೆರಾದಲ್ಲಿ ಮಂಜು ಬಿಟ್ಟು ಬೇರೇನೂ ಕಾಣಲಿಲ್ಲವಂತೆ. ಮಲ್ಲಣ್ಣನವರ ಸುದ್ದಿ ಇನ್ನೂ ಇಲ್ಲ. ಮೆಸ್ಸಿನಲ್ಲಿ ನನಗೆ ಸಾರು ಬಡಿಸುವಾಗ ರೇಣುಕಾ ಈಗಲೂ ಒಂದು ಗಳಿಗೆ ನಿಲ್ಲುತ್ತಾರೆ, ನೆನಪಾಯಿತೇ ಎಂಬಂತೆ. ನಾನು ತಲೆ ತಗ್ಗಿಸಿ ಅನ್ನ ಕಲಸುತ್ತೇನೆ.