ಅತ್ತೆಯ ಬಿಪಿ ಮತ್ತು ನನ್ನ ತವರು

ನಿನ್ನೆ ಬಾಗೇವಾಡಿಯ ಔಷಧಿ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸು, 'ಬಿಪಿ ಗುಳಿಗಿ ಕೊಡ್ರಿ, ಹಂಗ ಮಣಕಾಲ ನೋವಿಂದೂ ಪೂರಾ ಪಟ್ಟಿ ಕೊಡ್ರಿ' ಅಂದಳು. ಗುರುತಿಲ್ಲದವಳ ಕೈ ಹಿಡಿದು, 'ದಿನಾ ತಗೋತೀರೇನ್ರಿ ಆ ನೋವಿನ ಗುಳಿಗಿ?' ಎಂದುಬಿಟ್ಟೆ. ಅವಳು ನನ್ನನ್ನು ಅರೆಹುಚ್ಚಿಯನ್ನು ನೋಡುವಂತೆ ನೋಡಿದಳು. ನೋಡಲಿ ಬಿಡಿ. ಆ ಗುಳಿಗೆಯ ಪ್ರತಾಪವನ್ನು ನಾನು ಕಂಡಷ್ಟು ಅವಳು ಕಂಡಿಲ್ಲ.

ನಾನು ಮಸೂತಿ ಊರಿಗೆ ಸೊಸೆಯಾಗಿ ಬಂದ ಮರುವರ್ಷವೇ ಅತ್ತೆಗೆ ಬಿಪಿ ಎಂದು ಗೊತ್ತಾಯಿತು. ಕಾರಣ ಹುಡುಕಲು ಯಾರೂ ದೂರ ಹೋಗಲಿಲ್ಲ, ಅಡುಗೆಮನೆಯಲ್ಲಿ ನಾನಿದ್ದೆನಲ್ಲ. ನನಗೆ ಎದುರುತ್ತರ ಕೊಡುವ ಚಟ, ಅತ್ತೆಗೆ ಸಿಟ್ಟು ಮೂಗಿನ ತುದಿಯಲ್ಲಿ. 'ಬಾಯಿ ಮುಚ್ಕೊಂಡಿರವಾ, ನಿನ್ನ ಮಾತಿಗೆ ಅಕಿ ನರಾ ಬಿಗೀತಾವ' ಎಂದು ನೆರೆಮನೆಯ ಕಾಕು ಬುದ್ಧಿ ಹೇಳುತ್ತಿದ್ದಳು. ಪಾತ್ರೆಯನ್ನೂ ಸದ್ದಾಗದಂತೆ ಇಡಲು ಕಲಿತೆ. ಅಷ್ಟಾದರೂ ಬಿಪಿ ಇಳಿಯದಿದ್ದಾಗ ಹಿರಿಯರೆಲ್ಲ ಕೂತು ಒಂದು ಮದ್ದು ಕಂಡುಹಿಡಿದರು: ಸೊಸೆಯನ್ನು ಕೆಲವು ದಿನ ತವರಿಗೆ ಕಳಿಸುವುದು.

ತಂಗಡಗಿಯಲ್ಲಿ ನನ್ನ ಬಟ್ಟೆಗಂಟು ಕಂಡು ನಮ್ಮವ್ವ ಗಾಬರಿಯಾದಳು. 'ಏನಾತಬೇ? ಜಗಳಾ ಆತೇನು?'

'ಇಲ್ಲಬೇ, ಅತ್ತಿ ಬಿಪಿ ಇಳಸಾಕ ಬಂದೇನಿ.'

ಅವ್ವ ಮೊದಲು ನಕ್ಕಳು, ಆಮೇಲೆ ಅತ್ತಳು. ಒಬ್ಬರ ರಕ್ತದೊತ್ತಡವನ್ನೇ ಏರಿಸುವ ಶಕ್ತಿ ನನ್ನ ನಾಲಿಗೆಗಿದೆ ಎಂದು ನನಗೂ ನಂಬಿಕೆ ಬಂದುಬಿಟ್ಟಿತ್ತು. ಸ್ವಲ್ಪ ಜಂಬವೂ ಇತ್ತೆಂದರೆ ನೀವು ನಗಬಾರದು. ತಿಂಗಳಾದ ಮೇಲೆ ಗಂಡ ಕರೆದುಕೊಂಡು ಬಂದ. ನೋಡಿದರೆ ಬಿಪಿ ಇನ್ನೂ ಏರಿತ್ತು. 'ನೀ ಬರ್ತಿ ಅನ್ನೋ ಸುದ್ದಿ ಕೇಳೇ ಏರೈತಿ' ಎಂದು ಕಾಕು ತೀರ್ಪು ಕೊಟ್ಟಳು. ಹೀಗೆ ಎಷ್ಟೋ ಸಲ ಹೋದೆ, ಬಂದೆ.

ಅತ್ತೆಗೆ ನಾನು ಬರುವ ಮೊದಲಿನಿಂದಲೂ ತಲೆನೋವು, ಮೊಣಕಾಲು ನೋವು ಬೇರೆ. ಅವರ ಎಲೆ-ಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕ ನೋವಿನ ಗುಳಿಗೆ ಸದಾ ಇರುತ್ತಿತ್ತು, ದಿನಾ ನುಂಗುತ್ತಿದ್ದರು. ತೊಗರಿ ರಾಶಿಗೆ ಬಂದ ಹೆಂಗಸರಿಗೆ ಚಹಾದ ಜೊತೆ ಅದನ್ನೂ ಹಂಚುವುದು ಅವರ ಉಪಚಾರ. ಅದರ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಅದು ನನ್ನಂತೆ ತಿರುಗಿ ಮಾತಾಡುವುದಿಲ್ಲವಲ್ಲ!

ಕೊನೆಗೊಂದು ಬೆಳಿಗ್ಗೆ ಅವರ ಮುಖ, ಕಾಲು ಬಾತುಕೊಂಡವು. ವಿಜಾಪುರದ ದವಾಖಾನೆಗೆ ಒಯ್ದೆವು. ಡಾಕ್ಟರು ರಿಪೋರ್ಟ್ ನೋಡಿ, 'ಎರಡೂ ಕಿಡ್ನಿ ಅರ್ಧಕ್ಕಿಂತ ಹೆಚ್ಚು ಕೆಟ್ಟಾವ. ನೋವಿನ ಗುಳಿಗಿ ಎಷ್ಟ ವರ್ಷದಿಂದ ತಗೊಳ್ಳಾಕತ್ತೀರಿ?' ಅಂದರು. ಗಂಡ ಆಗಲೂ, 'ಇದು ಸಿಟ್ಟಿನ ಬಿಪಿ ಅಲ್ಲೇನ್ರಿ?' ಎಂದ.

'ಸಿಟ್ಟಿಂದು ಏರತೈತಿ, ಇಳೀತೈತಿ. ಇವರದು ಇಳೀವಲ್ದಲ್ಲ!' ಎಂದರು ಡಾಕ್ಟರು. 'ದಿನಾ ನುಂಗಿದ ನೋವಿನ ಗುಳಿಗಿ ಕಿಡ್ನಿ ಕೆಡಿಸ್ಯಾವ. ಕೆಟ್ಟ ಕಿಡ್ನಿ ಉಪ್ಪು, ನೀರು ಸರಿಯಾಗಿ ಹೊರಗ ಹಾಕೂದಿಲ್ಲ. ಅದರ ಮ್ಯಾಲ ನರದಾಗಿಂದ ಮೆದುಳಿಗೆ ಸುಳ್ಳೇ ಗಾಬರಿ ಸುದ್ದಿ ಕಳಸ್ತೈತಿ. ಮೆದುಳು ಅದನ್ನ ನಂಬಿ ರಕ್ತನಾಳ ಬಿಗಿ ಮಾಡತೈತಿ. ಬಿಪಿ ಏರಿ ಮತ್ತ ಕಿಡ್ನೀನ ಕೆಡಸ್ತೈತಿ.'

ನರ ಬಿಗಿಯುತ್ತದೆಂದು ಕಾಕು ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಆದರೆ ಬಿಗಿಸುತ್ತಿದ್ದವಳು ನಾನಾಗಿರಲಿಲ್ಲ. ನನಗೆ ಖುಷಿಯಾಗಬೇಕಿತ್ತು, ಸಿಡಿಲು ಬಡಿದವಳಂತೆ ಕೂತುಬಿಟ್ಟೆ. ನಾನು ತಂಗಡಗಿಯಲ್ಲಿ ಬಿಪಿ ಇಳಿಸುತ್ತ ಕೂತಿದ್ದಾಗಲೆಲ್ಲ ಇಲ್ಲಿ ಅವರ ಕಿಡ್ನಿ ಸವೆಯುತ್ತಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರಿಂದ ಅವರನ್ನು ಯಾರೂ ನೋಡಿರಲಿಲ್ಲ. ಅತ್ತೆ ಮಾತ್ರ ಗೋಡೆಯತ್ತ ಮುಖ ಮಾಡಿ ಮಲಗಿದ್ದರು. ಮನೆಗೆ ಬಂದ ಮೇಲೂ ನನ್ನನ್ನು ತವರಿಗಟ್ಟಿದ ವಿಷಯ ಎತ್ತಲಿಲ್ಲ. ನೋವಿನ ಗುಳಿಗೆ ನಿಂತಿತು, ಉಪ್ಪು ಕಡಿಮೆಯಾಯಿತು, ಉಳಿದಷ್ಟು ಕಿಡ್ನಿ ಸದ್ಯಕ್ಕೆ ಅವರನ್ನು ಉಳಿಸಿದೆ.

ನಿನ್ನೆ ಮನೆಗೆ ಬಂದು ಅಂಗಡಿಯ ಹೆಂಗಸಿನ ಸಂಗತಿಯನ್ನು ಅತ್ತೆಗೆ ಹೇಳಿದೆ. ರೊಟ್ಟಿ ಮುರಿಯುತ್ತಿದ್ದ ಅವರ ಕೈ ನಿಂತಿತು. ನನ್ನ ಮುಖ ನೋಡದೆ ಕೇಳಿದರು:

'ಅಕಿ ಸೊಸಿ ಮನ್ಯಾಗ ಅದಾಳೋ, ತವರಿಗೆ ಕಳಸ್ಯಾರೋ? ಅದನ್ನ ಕೇಳಿದೇನವಾ?'