ಗೌರಮ್ಮನ ಕೆಳಗೆ ಗಟ್ಟಿಯಾಗಿ ಮಾತಾಡಕೂಡದು

ಮಾವಿನ ಹಣ್ಣನ್ನು ಹೋಳು ಮಾಡಿ, ತಟ್ಟೆಯಲ್ಲಿ ಜೋಡಿಸಿ, ಚಮಚ ಇಟ್ಟು ಕೊಡುವವರ ಮನೆಗೆ ನಾನು ಎರಡನೆಯ ಸಲ ಹೋಗುವವನಲ್ಲ. ಹಣ್ಣೆಂದರೆ ಹಿತ್ತಲ ಕಟ್ಟೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ತೊಟ್ಟು ಕಚ್ಚಿ ಉಗುಳಿ, ರಸ ಮೊಣಕೈಗಿಳಿದು ಪಂಚೆಯ ಮೇಲೆ ತೊಟ್ಟಿಕ್ಕುವಂತೆ ತಿನ್ನಬೇಕಾದ ವಸ್ತು. ತಿನ್ನುವ ಮೊದಲು ಅದು ಯಾವ ಮರದ್ದೆಂದು ಕೇಳಬೇಕು. ಬಾದಾಮಿ, ರಸಪುರಿ ಎಂಬ ಜಾತಿಯ ಹೆಸರಲ್ಲ, ಆ ಮರದ ಸ್ವಂತ ಹೆಸರು. ನೀವು ನಕ್ಕಿರಿ, ಗೊತ್ತು. ಕೋಲಾರದ ಕೋರ್ಟೊಂದು ಒಮ್ಮೆ ಹೀಗೆಯೇ ನಕ್ಕಿತ್ತು, ಆ ನಗೆಯಲ್ಲಿ ನಮ್ಮಪ್ಪ ಒಂದು ತೋಪನ್ನೇ ಕಳೆದುಕೊಂಡರು.

ಅದು ಯುದ್ಧದ ಕಾಲ. ನಾನಾಗ ಮಾಲೂರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಅಪ್ಪ ಇದ್ದದ್ದು ಶ್ರೀನಿವಾಸಪುರದಲ್ಲಿ. ಅವರಿಗೊಬ್ಬರೇ ಅಕ್ಕ, ನನ್ನ ಸೋದರತ್ತೆ ತುಳಸಮ್ಮ. ಅತ್ತೆಯ ಮದುವೆಯಲ್ಲಿ ತಾತ ಅರಿಶಿನ ಕುಂಕುಮಕ್ಕೆಂದು ಊರಾಚೆಯ ಮಾವಿನ ತೋಪನ್ನು ಬರೆದುಕೊಟ್ಟಿದ್ದರು. ಮಕ್ಕಳಿಲ್ಲದೆ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಅತ್ತೆ ಆ ತೋಪಿನೊಳಗಿನ ಹೆಂಚಿನ ಮನೆಗೆ ಬಂದು ನೆಲೆಸಿದರು. ಅಡಿಗೆಗೆಂದು ಮುಳಬಾಗಿಲಿನಿಂದ ಬಂದ ನಂಜಮ್ಮ, ದೂರದ ನಂಟರ ಪೈಕಿಯ ಇನ್ನೊಬ್ಬ ವಿಧವೆ, ಇಪ್ಪತ್ತು ವರ್ಷ ಜೊತೆಗಿದ್ದಳು. ಕೊನೆಗೆ ಅತ್ತೆಯ ಬಾಯಿಗೆ ನೀರು ಬಿಟ್ಟವಳೂ ಅವಳೇ. ಕರ್ಮಗಳೆಲ್ಲ ಮುಗಿದ ಮರುದಿನ ಪೆಟ್ಟಿಗೆಯಿಂದ ಅತ್ತೆಯ ಉಯಿಲನ್ನು ತಂದು ಅಪ್ಪನ ಕೈಗಿಟ್ಟಳು. ಮನೆಯೂ ತೋಪೂ ನಂಜಮ್ಮನಿಗೆ ಎಂದಿತ್ತು.

ಅಷ್ಟಕ್ಕೇ ನಿಂತಿದ್ದರೆ ಅದೂ ಎಲ್ಲ ಉಯಿಲುಗಳಂತೆ ಒಣ ಕಾಗದವಾಗಿರುತ್ತಿತ್ತು. ಅತ್ತೆ ಮುಂದುವರಿದು, ಬಾವಿಯ ಪಕ್ಕದ ಗೌರಮ್ಮ ಹೂ ಬಿಟ್ಟಾಗ ಅವಳ ಕೆಳಗೆ ಯಾರೂ ಗಟ್ಟಿಯಾಗಿ ಮಾತಾಡಕೂಡದೆಂದೂ, ಬಡಗಣ ಮೂಲೆಯ ಜಗಳಗಂಟಿಯ ಕಾಯನ್ನು ಉಪ್ಪಿನಕಾಯಿಗಲ್ಲದೆ ಬೇರೆ ಯಾವುದಕ್ಕೂ ಬಳಸಕೂಡದೆಂದೂ, ತಾತಯ್ಯ ಕಾಯಿ ಬಿಡುವುದನ್ನು ನಿಲ್ಲಿಸಿದ್ದರೂ ಕೊಡಲಿ ತಾಕಿಸದೆ, ದುಡಿದ ಜೀವವಾದ್ದರಿಂದ ನೆಮ್ಮದಿಯಾಗಿ ನಿಂತಿರಲು ಬಿಡಬೇಕೆಂದೂ ಬರೆಸಿದ್ದರು. ಅಪ್ಪ ಕಾಗದವನ್ನು ಮೂರು ಸಲ ಓದಿದರು. ನಾಲ್ಕನೆಯ ಸಲ ಹಿಂದುಮುಂದು ತಿರುಗಿಸಿ ನೋಡಿದರು.

"ಎಂಟು ಮರದ ಹೆಸರು ಬರೆಸಿದಾಳೆ ಕಣೋ, ಒಡಹುಟ್ಟಿದೋನ ಹೆಸರು ಒಂದು ಕಡೇನೂ ಇಲ್ಲ" ಎಂದರು.

ಸತ್ತವರ ಉಯಿಲನ್ನು ಬಿಚ್ಚಿದಾಗ ನಾವು ಹುಡುಕುವುದು ಆಸ್ತಿಯನ್ನು ಎಂದು ಲೋಕ ತಿಳಿದಿದೆ. ನನಗೆ ಹಾಗನ್ನಿಸುವುದಿಲ್ಲ, ಮಿತ್ರರೇ. ಕಣ್ಣು ಮೊದಲು ಅರಸುವುದು ನಮ್ಮ ಹೆಸರನ್ನು. ಹೋಗುವ ಗಳಿಗೆಯಲ್ಲಿ ಅವರಿಗೆ ನಮ್ಮ ನೆನಪಿತ್ತೇ ಎಂಬುದನ್ನು. ಆದರೆ ಅಕ್ಕ ನನ್ನನ್ನು ಮರೆತಳೆಂದು ಯಾವ ನ್ಯಾಯಾಲಯದಲ್ಲಿ ಫಿರ್ಯಾದು ಕೊಡುವುದು? ಅದಕ್ಕೆ ಕಾನೂನಿನ ಪುಸ್ತಕದಲ್ಲಿ ಕಲಮು ಇಲ್ಲವಾದ್ದರಿಂದ ಅಪ್ಪ ಉಯಿಲೇ ಊರ್ಜಿತವಲ್ಲವೆಂದು ದಾವೆ ಹೂಡಿದರು. ಅವರು ಗೆದ್ದರೆ ನಂಜಮ್ಮ ಮನೆ ಬಿಡಬೇಕು, ಹೋಗಲು ಅವಳಿಗೆ ಬೇರೆ ಎಡೆಯಿರಲಿಲ್ಲ.

ಬೆಂಗಳೂರಿನಿಂದ ಗೊತ್ತುಮಾಡಿದ ನಮ್ಮ ವಕೀಲರು ಉಯಿಲನ್ನು ಓದಿ ಕುರ್ಚಿಯಿಂದ ಎದ್ದೇಬಿಟ್ಟರಂತೆ. ಮರಗಳಿಗೆ ಹೆಸರು, ಮರಕ್ಕೆ ಕೋಪ, ಮರಕ್ಕೆ ನೆಮ್ಮದಿ! ಮೃತಳು ಸ್ವಸ್ಥಚಿತ್ತಳಾಗಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಯಾಕೆ ಬೇಕು? ಅಪ್ಪನಿಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ, ವಕೀಲರು ಹೇಳಿದ ಮೇಲೆ ಇರಬಹುದೆಂದುಕೊಂಡರು. ದೊಡ್ಡ ಊರಿನವರು ಹೇಳಿದ್ದನ್ನು ಹಾಗೆ ಸುಮ್ಮನೆ ಒಪ್ಪಿಕೊಳ್ಳುವುದು ನಮ್ಮ ಸೀಮೆಯ ಹಳೆಯ ಚಾಳಿ.

ವಾಯಿದೆಯ ದಿನ ವಾದಿ, ಪ್ರತಿವಾದಿ ಇಬ್ಬರೂ ಕೋಲಾರಕ್ಕೆ ಹೋಗುತ್ತಿದ್ದದ್ದು ಒಂದೇ ಚಿಕ್ಕ ರೈಲಿನಲ್ಲಿ, ಎದುರುಬದುರು ಬೆಂಚಿನಲ್ಲಿ. ರಜೆ ಹಾಕಿ ಬಂದು ನಾನೂ ಕಾಗದದ ಕಟ್ಟು ಹಿಡಿದು ಜೊತೆಗೆ ಕೂರುತ್ತಿದ್ದೆ. ಪೆಟ್ರೋಲಿಲ್ಲದೆ ಇದ್ದಿಲು ಉರಿಸಿ ಓಡುತ್ತಿದ್ದ ಬಸ್ಸಿಗಿಂತ ರೈಲೇ ಮೇಲೆಂಬುದೊಂದರಲ್ಲಿ ಉಭಯ ಪಕ್ಷಗಳಿಗೂ ಸಹಮತವಿತ್ತು. ನಂಜಮ್ಮ ಬಾಳೆಲೆ ಬಿಚ್ಚುವಳು. ಪುಳಿಯೋಗರೆಯ ಪರಿಮಳ ರೈಲಿನ ಡಬ್ಬಿಯನ್ನೆಲ್ಲ ತುಂಬುವುದು. ಎದುರು ಪಾರ್ಟಿಯ ಕೈಯಲ್ಲಿ ಏನನ್ನೂ ತಿನ್ನಬೇಡಿರೆಂದು ವಕೀಲರು ಎಚ್ಚರಿಸಿದ್ದನ್ನು ಅಪ್ಪ ಅವಳಿಗೂ ಹೇಳುವರು.

"ತಿನ್ನಿ ಅಣ್ಣಯ್ಯ, ಕೋರ್ಟಿನಲ್ಲಿ ಬೇಕಾದ್ರೆ ಬೈಕೊಳ್ಳಿ" ಎನ್ನುವಳು ಅವಳು.

ಅಪ್ಪ ತಿನ್ನುವರು, ಉಪ್ಪಿನಕಾಯಿಯನ್ನು ಕೇಳಿ ಹಾಕಿಸಿಕೊಳ್ಳುವರು. ಅವಳನ್ನು ಬೀದಿಗೆ ನೂಕಲು ಕಟ್ಟಿದ ಕಾಗದದ ಕಟ್ಟನ್ನು ಪಕ್ಕಕ್ಕಿಟ್ಟು ನಾನೂ ಕೈಚಾಚುತ್ತಿದ್ದೆನಲ್ಲ, ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ರುಚಿಯಾಗಿತ್ತೆಂಬುದು ಸಮಾಧಾನವಲ್ಲ, ಆದರೆ ರುಚಿಯಾಗಿತ್ತು.

ಅಪ್ಪನ ಸಾಕ್ಷಿಯ ದಿನ ಬಂತು. ಮೊದಲು ನಮ್ಮ ವಕೀಲರು ಕೇಳಿದ್ದಕ್ಕೆಲ್ಲ ಅಪ್ಪ ಪಾಠ ಒಪ್ಪಿಸಿದಂತೆ ಉತ್ತರಿಸಿದರು. ಆಮೇಲೆ ನಂಜಮ್ಮನ ಪರವಾಗಿ ಕೋಲಾರದವರೇ ಆದ ಒಬ್ಬ ಮುದಿ ವಕೀಲರು ನಶ್ಯದ ಡಬ್ಬಿ ಮುಚ್ಚಿ ಎದ್ದರು. ಉಯಿಲಿನ ಸುದ್ದಿಯನ್ನೇ ಎತ್ತದೆ, ಆ ಬಡಗಣ ಮೂಲೆಯ ಮರ ಬರೀ ಹುಳಿಯಂತೆ, ಕಡಿಸಿ ಸೌದೆ ಮಾಡಿದರೆ ನಷ್ಟವೇನು ಎಂದು ಕೇಳಿದರು.

"ಯಾರು ಸ್ವಾಮಿ ನಿಮಗೆ ಹೇಳಿದ್ದು?" ಅಪ್ಪ ಕಟಕಟೆಯನ್ನು ಹಿಡಿದು ಮುಂದೆ ಬಾಗಿದರು. "ಅವಳು ಹುಳಿಯಲ್ಲ. ಒಂದಿಷ್ಟು ಕೋಪ ಜಾಸ್ತಿ, ಅಷ್ಟೇ. ಒಂದು ವರ್ಷ ಮುನಿಸ್ಕೊಂಡ್ರೆ ಮುಂದಿನ ವರ್ಷ ಮಂಕರಿಗಟ್ಟಲೆ ಕೊಡ್ತಾಳೆ."

"ಅವಳು ಅಂದರೆ?"

"ಜಗಳಗಂಟಿ. ಇನ್ಯಾರು?"

"ಹಾಗಾದರೆ ಬಾವಿಯ ಹತ್ತಿರದ್ದನ್ನು ಕಡಿಸೋಣವೇ?"

"ಗೌರಮ್ಮನ ತಂಟೆಗೆ ಹೋಗಬೇಡಿ! ಭಾಳ ಸೂಕ್ಷ್ಮ ಅವಳು. ಹೂ ಬಿಟ್ಟಾಗ ಕೆಳಗೆ ನಿಂತು ಗಟ್ಟಿಯಾಗಿ ಮಾತಾಡಿದ್ರೆ ಸಾಕು, ಅಷ್ಟೂ ಉದುರಿಸಿಬಿಡ್ತಾಳೆ."

ನಮ್ಮ ವಕೀಲರು ಕಣ್ಣು ಮುಚ್ಚಿಕೊಂಡರು. ಮುನ್ಸೀಫರು ಉಯಿಲನ್ನೊಮ್ಮೆ ನೋಡಿ, ಅಪ್ಪನನ್ನೊಮ್ಮೆ ನೋಡಿ, ನಿಮ್ಮೂರಿನಲ್ಲಿ ಎಲ್ಲರೂ ಮರಗಳಿಗೆ ಹೆಸರಿಡುತ್ತಾರೆಯೇ ಎಂದು ಮೆಲ್ಲಗೆ ಕೇಳಿದರು.

"ಹೆಸರಿಡದೆ ಹೆಂಗೆ ಸ್ವಾಮಿ ಕರೆಯೋದು?" ಎಂದರು ಅಪ್ಪ, ನಿಜವಾಗಿಯೂ ಆಶ್ಚರ್ಯಪಟ್ಟು.

ಆಗ ಕೋರ್ಟು ನಕ್ಕಿತು; ಬಾಗಿಲಲ್ಲಿ ನಿಂತ ಡವಾಲಿ ಪಟ್ಟಿಯ ಜವಾನನೂ ನಕ್ಕ. ಈ ಸ್ವಸ್ಥಚಿತ್ತವೆಂಬುದನ್ನು ಕುರಿತು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಬೆಳಿಗ್ಗೆ ಎದ್ದು ಸೈಕಲ್ಲಿಗೆ ಬುದ್ಧಿ ಹೇಳುವ ನಾನು, ಉಕ್ಕಿದ ಹಾಲನ್ನು ಗದರುವ ನನ್ನ ಹೆಂಡತಿ, ಬಾರದ ರೈಲನ್ನು ಬೈಯುವ ಸ್ಟೇಷನ್ ಮಾಸ್ತರು, ಯಾರು ತಾನೇ ಆ ಕಟಕಟೆಯಿಂದ ಮಾನ ಉಳಿಸಿಕೊಂಡು ಇಳಿದೇವು? ಪ್ರೀತಿಸಿದ್ದನ್ನು ಮಾತಾಡಿಸದೆ ಇರಲಾರದವರೆಲ್ಲ ಹುಚ್ಚರಾದರೆ ಶ್ರೀನಿವಾಸಪುರಕ್ಕೆ ಊರಗಲದ ಆಸ್ಪತ್ರೆಯೇ ಬೇಕಾದೀತು.

ತೀರ್ಪು ಹೊರಬಿದ್ದಾಗ ನಾವು ಸೋತಿದ್ದೆವು. ನಂಜಮ್ಮ ಹೊರಜಗುಲಿಯಲ್ಲಿ ಕಂಬಕ್ಕೊರಗಿ ಬಿಕ್ಕಿಬಿಕ್ಕಿ ಅತ್ತಳು. ಅಪ್ಪ ಹತ್ತಿರ ಹೋಗಿ, "ಗೆದ್ದೋಳು ನೀನು, ಅಳಬೇಕಾದೋನು ನಾನು. ಏಳು, ರೈಲು ತಪ್ಪುತ್ತೆ" ಎಂದು ಗದರಿ ಅವಳ ಚೀಲವನ್ನು ತಾವೇ ಎತ್ತಿಕೊಂಡರು.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಹದಿನೈದು ದಿನ ಕಳೆದು, ತೀರ್ಪಿನ ನಕಲು ತರಬೇಕು ಬಾ ಎಂದು ಅಪ್ಪ ಕಾಗದ ಬರೆದರು. ಅಪೀಲು ಹೋಗುತ್ತಾರೋ ಏನೋ ಎಂಬ ಭಯದಲ್ಲೇ ಹೋದೆ. ನಕಲು ಪಡೆದು ರೈಲಿನಲ್ಲಿ ಕೂತ ಮೇಲೆ, ತೀರ್ಪು ಇಂಗ್ಲಿಷಿನಲ್ಲಿದ್ದುದರಿಂದ, "ನನ್ನ ಹೆಸರಿರೋ ಜಾಗ ಓದಿ ಕನ್ನಡದಲ್ಲಿ ಹೇಳು" ಎಂದರು. ಹುಡುಕಿ ಹೇಳಿದೆ: ಮೃತಳಾದ ತುಳಸಮ್ಮ ತನ್ನ ತೋಪಿನ ಮರಗಳನ್ನು ಹೇಗೆ ಕಂಡಳೋ ಅವಳ ಒಡಹುಟ್ಟಿದ ತಮ್ಮನಾದ ವಾದಿ ಇಂಥವನೂ ಹಾಗೆಯೇ ಕಾಣುತ್ತಾನೆ, ಈತನ ಬುದ್ಧಿ ನೆಟ್ಟಗಿದ್ದರೆ ಆಕೆಯದೂ ನೆಟ್ಟಗಿತ್ತೆಂದೇ ತಿಳಿಯಬೇಕು.

"ಇನ್ನೊಂದು ಸಲ ಹೇಳು."

ಹೇಳಿದೆ.

"ಅಕ್ಕನ ಹೆಸರು ಎಲ್ಲಿದೆ, ನನ್ನದೆಲ್ಲಿದೆ? ತೋರಿಸು."

ಇಂಗ್ಲಿಷು ಬಾರದ ಅಪ್ಪನ ಬೆರಳನ್ನು ಹಿಡಿದು ಆ ಸಾಲಿನ ಮೇಲಿಟ್ಟೆ. ಎರಡು ಹೆಸರೂ ಒಂದೇ ಸಾಲಿನಲ್ಲಿದ್ದವು, ನಡುವೆ ನಾಲ್ಕೇ ಪದ. ಶ್ರೀನಿವಾಸಪುರ ಬರುವವರೆಗೂ ಅಪ್ಪ ಬೆರಳು ತೆಗೆಯಲಿಲ್ಲ.